ನಿಂತು ಬಡಿದ ರೊಟ್ಟಿ

ಹೆಂಡತಿಗೆ ನೋವು ಬಂದರೆ ಗಂಡಸರು ಏನು ಮಾಡುತ್ತಾರೆ? ಎಣ್ಣೆ ತರುತ್ತಾರೆ. ನಾನೂ ತಂದೆ. ಕಸ್ತೂರಿಯ ಮೊಣಕಾಲು ಹಿಡಿದುಕೊಂಡಾಗಿನಿಂದ ನವಲಗುಂದದ ಸಂತೆಯಲ್ಲಿ, ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರು ಯಾವ ಎಣ್ಣೆಯನ್ನು ಹೊಗಳಿದರೂ ಒಂದು ಬಾಟಲಿ ಮೊರಬದ ನಮ್ಮ ಮನೆ ಸೇರುತ್ತಿತ್ತು. ತಂದುಕೊಟ್ಟರೆ ನನ್ನ ಕರ್ತವ್ಯ ಮುಗಿಯಿತು, ಹಚ್ಚಿಕೊಳ್ಳುವುದು ಅವಳ ಕೆಲಸ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಹೇಳಿ ಕೂತು ಅಭ್ಯಾಸ.

ಕೊನೆಗೆ ಎಣ್ಣೆಗಳೆಲ್ಲ ಸೋತು, ಹುಬ್ಬಳ್ಳಿಯ ದವಾಖಾನೆಗೆ ಹೋದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಪೂರಾ ಸವೆದು ಹೋಗ್ಯಾವ್ರಿ. ಎರಡೂ ಮೊಣಕಾಲು ಬದಲಿ ಮಾಡಬೇಕು" ಎಂದರು. ಕಸ್ತೂರಿ ಅಂಜಲಿಲ್ಲ. ಕೊಯ್ಯುತ್ತೇವೆ ಎಂದರೂ ಹೂಂ, ಲೋಹದ ಕೀಲು ಕೂರಿಸುತ್ತೇವೆ ಎಂದರೂ ಹೂಂ. "ಆಮ್ಯಾಲೆ ಆರಾಮ ಅಡ್ಡಾಡ್ರಿ, ಬಸ್ ಹತ್ರಿ. ನೆಲಕ್ಕ ಮಾತ್ರ ಕುಂದ್ರಬ್ಯಾಡ್ರಿ" ಎಂದದ್ದೇ ತಡ, ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. "ಹಂಗಾರ ಆಪರೇಷನ್ ಬ್ಯಾಡ್ರಿ."

ಬಸ್ಸಿನಲ್ಲಿ ಕಾರಣ ಕೇಳಿದೆ.

"ನೆಲಕ್ಕ ಕುಂದ್ರದ ರೊಟ್ಟಿ ಹೆಂಗ ಬಡೀಲಿ?"

"ಅಡಗಿ ಕಟ್ಟಿ ಮುಂದ ನಿಂತು ಬಡಿ. ಊರಾಗ ಅರ್ಧ ಮಂದಿ ಹಂಗ ಬಡೀತಾರ."

"ನೀವು ತಿಂತೀರೇನು?"

"ಯಾಕ ತಿನ್ನಂಗಿಲ್ಲ?"

ಆಗ ಅವಳು ಬಾಯಿ ಬಿಚ್ಚಿದಳು. ಅಣ್ಣಿಗೇರಿಯಲ್ಲಿ ನನ್ನ ಅಕ್ಕ ಹೊಸ ಮನೆಯಲ್ಲಿ, ಕಟ್ಟೆಯ ಮುಂದೆ ನಿಂತು ಬಡಿದ ರೊಟ್ಟಿ ಬಡಿಸಿದಾಗ ನಾನು ತಾಟು ಸರಿಸಿ, "ಕುಂತು ಬಡದದ್ದಷ್ಟ ರೊಟ್ಟಿ, ಇದು ಹಪ್ಪಳ" ಎಂದಿದ್ದೆನಂತೆ. ಹನ್ನೆರಡು ವರ್ಷದ ಹಿಂದಿನ ಮಾತು. ನನಗೆ ನೆನಪೇ ಇರಲಿಲ್ಲ. ನಮ್ಮ ಮನೆಯಲ್ಲೂ ಕಟ್ಟೆಯಿದೆ, ಅದರ ಮೇಲೆ ಚಹಾ, ಪಲ್ಯ ಎಲ್ಲ ಆಗುತ್ತದೆ. ರೊಟ್ಟಿಗೆ ಮಾತ್ರ ಅವಳು ದಿನಾ ನೆಲದ ಒಲೆಯ ಮುಂದೆ ಕೂತು, ಏಳುವಾಗ ಬಾಗಿಲ ಚೌಕಟ್ಟು ಹಿಡಿದು "ಯಪ್ಪಾ" ಎನ್ನುತ್ತಿದ್ದಳು. ಆ ಯಪ್ಪಾ ಕೇಳಿ ಕೇಳಿಯೇ ನಾನು ಎಣ್ಣೆ ತಂದದ್ದು. ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಆದರೂ ಮಾಸ್ತರನ ನಾಲಿಗೆ ಸುಮ್ಮನಿರಬೇಕಲ್ಲ! "ರುಚಿಯಾಗ ಫರಕ್ ಇರೋದು ಖರೇನ. ಇರ್ಲಿ ಬಿಡು, ನಾ ಹೊಂದ್ಕೋತೀನಿ" ಎಂದು ದೊಡ್ಡ ಮನಸ್ಸು ತೋರಿಸಿದೆ. ಊರು ಬರುವವರೆಗೆ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು.

ಮರುದಿನ ಮುಂಜಾನೆ ತಾಟಿನಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ.

"ಒಂದು ಕುಂತು ಬಡದೀನಿ, ಒಂದು ನಿಂತು. ಯಾವುದು ಯಾವುದು ಹೇಳ್ರಿ."

ಪರೀಕ್ಷೆಯ ಪೇಪರು ತಿದ್ದುವವನಂತೆ ಎರಡನ್ನೂ ಮುರಿದು, ಅಗಿದು, ಕಣ್ಣು ಮುಚ್ಚಿ ವಿಚಾರ ಮಾಡಿ, ಒಂದನ್ನು ಎತ್ತಿ ಹಿಡಿದೆ. "ಇದು ನೋಡು! ಕುಂತು ಬಡದದ್ದರ ರುಚೀನ ಬ್ಯಾರೆ."

"ಅದು ನಿಂತು ಬಡದದ್ದರಿ."

ನಗುತ್ತಾಳೆ ಅಂದುಕೊಂಡೆ. ಅವಳು ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ನನ್ನನ್ನೇ ನೋಡುತ್ತಾ, "ಹನ್ನೆರಡು ವರ್ಷ, ರೀ" ಎಂದಳು.

ತಾಟು ಬಿಟ್ಟು ಎದ್ದು ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಹಲೋ ಎನ್ನುತ್ತಲೇ ಫೋನನ್ನು ಕಸ್ತೂರಿಯ ಕೈಗೆ ಕೊಟ್ಟೆ. ಅವಳೇ ಆಪರೇಷನ್ನಿಗೆ ದಿನ ಗೊತ್ತು ಮಾಡಿದಳು.