ಸುಳಿ ನೋಡಿ ಕೊಂಡ ಕಾರು

ಹಸುವಿನ ಸುಳಿ ನೋಡುವವರನ್ನು ನೀವು ಕಂಡಿರುತ್ತೀರಿ. ಕಾರಿನ ಸುಳಿ ನೋಡುವವರನ್ನು ಕಂಡಿದ್ದೀರಾ? ಇಲ್ಲವಾದರೆ ಕೂಟಗಲ್ ಕಡೆಗೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ. ಹಲ್ಲು ನೋಡಿ ಕಾರಿನ ವಯಸ್ಸು ಹೇಳುತ್ತೇನೆ ಅನ್ನುವ ಮನುಷ್ಯ. ಕಾರಿಗೆ ಹಲ್ಲೆಲ್ಲಿದೆ ಎಂದು ಮಾತ್ರ ಕೇಳಬೇಡಿ, ಬಾನೆಟ್ ಎತ್ತಿಸಿ ತೋರಿಸಿಬಿಡುತ್ತಾನೆ.

ಮಾವನಿಗೆ ಕಾರಿನ ಯೋಚನೆ ಬಂದದ್ದು ಅತ್ತೆಯ ಮಂಡಿಯಿಂದ. ಅತ್ತೆ ಪಕ್ಕದೂರಿನ ಅಂಗನವಾಡಿಯಲ್ಲಿ ಟೀಚರು. ನಿವೃತ್ತಿಗೆ ಇನ್ನೆರಡು ವರ್ಷವಿದೆ. ಬಸ್ಸಿನ ಮೆಟ್ಟಿಲು ಹತ್ತಲಾಗದೆ, ಮಾವನ ಸ್ಕೂಟರಿನ ಮೇಲೆ ಕಾಲು ಮಡಚಿ ಕೂರಲಾಗದೆ, ಒಂದು ದಿನ ನನ್ನನ್ನು ಕರೆದು, "ಒಂದು ರಾಜೀನಾಮೆ ಬರ್ಕೊಡಪ್ಪ, ಸಾಕಾಯ್ತು ನಂಗೆ" ಅಂದರು. ಬರೆದುಕೊಟ್ಟೆ. ಮಡಚಿ ಬ್ಯಾಗಿಗೆ ಹಾಕಿಕೊಂಡರು, ಸಹಿ ಮಾತ್ರ ಹಾಕಲಿಲ್ಲ. ದಿನವೂ ಅಷ್ಟು ಮಕ್ಕಳು ಸೆರಗು ಹಿಡಿದು ಎಳೆಯುವ ಜಾಗ ಬಿಟ್ಟು ಅತ್ತೆ ಮನೆಯಲ್ಲಿ ಒಂದು ವಾರವೂ ತಡೆಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಮರುದಿನ ಮಾವ ಒಂದು ಮೋಟು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದು, "ನಡಿಲಾ, ಒಂದ್ ಕಾರ್ ನೋಡ್ಕೊಂಡ್ ಬರವ" ಅಂದ.

"ಬಿಡದೀಲಿ ಕಾರಿನ ಫ್ಯಾಕ್ಟ್ರೀನೇ ಐತೆ. ಹೊಸದೇ ತಗೊಬಾರ್ದಾ ಮಾವ?"

"ಹೊಸದ್ರ ಬುದ್ಧಿ ಹೆಂಗೋ ಏನೋ, ಯಾರಿಗ್ ಗೊತ್ತು? ಹಳೇದಾದ್ರೆ ಅದ್ರ ಗುಣ ಎಲ್ಲ ಆಚಿಗ್ ಬಂದಿರ್ತದೆ ಕಣ್ಲಾ. ಅಲ್ದೆ, ನಮ್ ಕೈಗೆ ಎಟುಕೋದೂ ಅದೇಯ."

ಮೊದಲು ಕನಕಪುರ. ಬೆಳ್ಳಗೆ ಹೊಳೆಯುವ ಪುಟ್ಟ ಕಾರು. ಮಾವ ಅದರ ಸುತ್ತ ಮೂರು ಸುತ್ತು ಬಂದ, ಹಿಂಭಾಗವನ್ನು ಅಂಗೈಯಲ್ಲಿ ತಟ್ಟಿದ, ಬಗ್ಗಿ ಹೊಟ್ಟೆಯ ಕೆಳಗೆ ನೋಡಿದ. ಎಡಗಡೆಯ ಬಾಗಿಲು ತೆಗೆದು, ನೆಲಕ್ಕೆ ಕೋಲೂರಿ, ಮುಖ ಸಿಂಡರಿಸಿದ. ಮಾಲೀಕರಿಗೆ ಹೇಳಿದ್ದು ಮಾತ್ರ ಬೇರೆ: "ಇದ್ರ ಹಣೆ ಮ್ಯಾಲೆ ಸುಳಿ ಬಿದ್ದದೆ."

"ಅದು ಪಾಲಿಷ್ ಮಾಡ್ದಾಗ ಆದ ಗೀರು ಯಜಮಾನ್ರೇ."

"ಇರ್ಬೋದು. ನಮ್ ಮನೆಗೆ ಆಗ್ಬರಕಿಲ್ಲ."

ಚನ್ನಪಟ್ಟಣದಲ್ಲಿ ಜೀಪಿನಂಥ ಎತ್ತರದ ಗಾಡಿ ಸಿಕ್ಕಿತು. ನನಗಂತೂ ಬಹಳ ಹಿಡಿಸಿತು. ಮಾವ ಬಾಗಿಲು ತೆಗೆದ, ಕೋಲೂರಿದ, "ಇದ್ರ ಜೊತೆಗೆ ಏಣಿ ಕೊಡ್ತಾರಾ ಕೇಳು" ಅಂದು ಹೊರಟೇಬಿಟ್ಟ. ಕಾರು ನೋಡುವುದು ಬಿಟ್ಟು ಈತ ಕೋಲು ಊರುವುದೇಕೆ ಎಂದು ನನಗೆ ಬಗೆಹರಿಯಲಿಲ್ಲ. ದನ ಹೊಡೆದು ಹೊಡೆದು ಅಭ್ಯಾಸವಾಗಿರಬೇಕು ಎಂದುಕೊಂಡೆ.

ಕೊನೆಗೆ ಮಾಗಡಿ. ಬ್ರೋಕರ್ ತೋರಿಸಿದ್ದು ಹದಿನಾರು ವರ್ಷದ, ಬೂದು ಬಣ್ಣದ, ಉದ್ದ ಡಿಕ್ಕಿಯ ಸೆಡಾನ್. ಎಡ ಬಾಗಿಲ ಗಾಜು ಮುಟ್ಟಿದರೆ ಲಟಲಟ ಅನ್ನುತ್ತಿತ್ತು. ಮಾವ ಕೋಲೂರಿದ. ಮುಖ ಅರಳಿತು. ಎರಡೂ ಕೈ ಎದೆಗೆ ಕಟ್ಟಿಕೊಂಡು ಎಡಗಡೆ ಸೀಟಿನಲ್ಲಿ ಕೂತ, ಎದ್ದ, ಕೂತ, ಎದ್ದ. ಹತ್ತು ಸಲವಾದರೂ ಆಗಿರಬೇಕು.

"ಯಜಮಾನ್ರೇ, ಸ್ಟೇರಿಂಗು ಆ ಕಡಿಕೈತೆ" ಅಂದ ಬ್ರೋಕರ್.

"ನಂಗೂ ಕಣ್ ಕಾಣ್ತದೆ ಕಣಪ್ಪ."

"ಎಂಜಿನ್ ನೋಡಕಿಲ್ವಾ?"

"ಅದ್ನ ನಮ್ ಅಳಿಯ ನೋಡ್ತಾನೆ."

ಅಳಿಯ ಅಂದರೆ ನಾನು. ನೋಡಿದೆ. ಎಂಜಿನ್ ಇತ್ತು. ಓಡಿಸಿಯೂ ನೋಡಿದೆ, ನಿಲ್ಲಿಸಿದ ಕಡೆ ನಿಂತಿತು.

ವ್ಯಾಪಾರ ಶುರುವಾಯಿತು. ಮಾವ ಹೆಗಲ ಟವೆಲ್ಲನ್ನು ಬ್ರೋಕರನ ಕೈಮೇಲೆ ಹೊದಿಸಿ ಒಳಗೆ ಬೆರಳು ಹಿಡಿದ. ದನದ ವ್ಯಾಪಾರದ ಕ್ರಮವೇ ಅದು. ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ, ಬೆರಳಲ್ಲಿ ಹೇಳಬೇಕು. ಒಪ್ಪಿಗೆಯಾದರೆ ಕೈ ಕುಲುಕಬೇಕು. ಕಾರಿನ ಬ್ರೋಕರಿಗೆ ಇದೆಲ್ಲ ಏನು ಗೊತ್ತು? ಹಿರಿಯರು ಪ್ರೀತಿಯಿಂದ ಕೈ ಹಿಡಿದಿದ್ದಾರೆ ಎಂದುಕೊಂಡು ನಗುನಗುತ್ತ ಎರಡೂ ಕೈಯಲ್ಲಿ ಕುಲುಕಿಬಿಟ್ಟ. ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಮುಗೀತು" ಅಂದ.

"ಏನ್ ಮುಗೀತು?"

"ವ್ಯಾಪಾರ. ಎರಡ್ ಕೈಲೂ ಒಪ್ಕೊಂಡ್ಯಲ್ಲಪ್ಪ."

ಪಕ್ಕದ ಟೀ ಅಂಗಡಿಯಲ್ಲಿ ಕೂತಿದ್ದ ಇಬ್ಬರು ವಯಸ್ಸಾದವರು, "ಕೈ ಕುಲುಕುದ್ ಮ್ಯಾಲೆ ಮಾತಿಲ್ಲ ಬುಡು" ಎಂದು ತಾವಾಗಿಯೇ ಸಾಕ್ಷಿ ಹೇಳಿದರು. ಬ್ರೋಕರ್ ತಲೆ ಕೆರೆದುಕೊಂಡ, ಒಸಿ ಜಗ್ಗಾಡಿದ, ಕಡೆಗೆ ಅವನಿಗೇ ನಗು ತಡೆಯಲಾಗದೆ ಒಪ್ಪಿದ.

ಊರಿಗೆ ಓಡಿಸಿಕೊಂಡು ಬಂದದ್ದು ಮಾವನೇ. ಟ್ರ್ಯಾಕ್ಟರಿನಲ್ಲಿ ಪಳಗಿದ ಕೈ. ನೂರು ಮಾರಿಗೊಮ್ಮೆ ತಿರುಗಿ ಹಿಂದೆ ನೋಡುತ್ತಾನೆ, ನೇಗಿಲು ಸರಿಯಾಗಿ ಬರುತ್ತಿದೆಯೇ ಎಂದು. ಹಿಂದಿನ ಸೀಟಿನಲ್ಲಿ ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ನಮ್ಮನ್ನು ದಾಟಿಕೊಂಡು ಮುಂದೆ ಹೋಯಿತು.

ಮರುದಿನ ಬೆಳಿಗ್ಗೆ ಅತ್ತೆ ಕಾರನ್ನು ಮೇಲಿಂದ ಕೆಳಗೆ ನೋಡಿ, "ಇದು ಓಡ್ತದಾ?" ಅಂದರು. ಓಡಿತು, ದಾರಿಯುದ್ದಕ್ಕೂ ಲಟಲಟ ಎನ್ನುತ್ತ. ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಅಂಗನವಾಡಿಯ ಮುಂದೆ ಮಾವ ನಿಲ್ಲಿಸಿದ. ಅತ್ತೆ ಬಾಗಿಲು ತೆಗೆದು ಎರಡೂ ಕಾಲು ನೆಲಕ್ಕಿಟ್ಟರು. ಎದ್ದು ನಿಂತರು. ಮಂಡಿಗೆ ಕೈಯೂರಲಿಲ್ಲ, "ಅಯ್ಯಮ್ಮಾ" ಅನ್ನಲಿಲ್ಲ. ತಮಗೇ ನಂಬಿಕೆ ಬಾರದೆ ಮತ್ತೆ ಕೂತು ಮತ್ತೆ ಎದ್ದರು.

"ನಮ್ ಜಗಲಿ ಮ್ಯಾಗಿಂದ ಎದ್ದಂಗೇ ಆಯ್ತಲ್ಲ" ಅಂದು ಒಳಗೆ ಹೋದರು.

ನನ್ನ ಕಾಲ ಬಳಿ ಆ ಮೋಟು ಕೋಲು ಬಿದ್ದಿತ್ತು. ಇಡೀ ಮನೆಯಲ್ಲಿ ಅತ್ತೆ ನೋವಿಲ್ಲದೆ ಎದ್ದೇಳುವ ಜಾಗ ಜಗಲಿಯೊಂದೇ. ಕೋಲು ಕೈಗೆತ್ತಿಕೊಂಡೆ. ಜಗಲಿಯಷ್ಟೇ ಎತ್ತರ, ಅತ್ತೆ ಕೂತಿದ್ದ ಸೀಟಿನಷ್ಟೇ.

"ಅಳ್ತೆ ಕೋಲಾ ಮಾವ ಇದು?"

"ಮತ್ತಿನ್ನೇನ್ಲಾ, ಕಾರಿಗೆ ಬಾರ್ಸಕ್ಕಾ?"

ನಕ್ಕುಬಿಡೋಣ ಎಂದುಕೊಂಡೆ. ಆಗಲಿಲ್ಲ. ಮೂರೂರು ಸುತ್ತಿದ ಈ ಮನುಷ್ಯನನ್ನು ಮನಸ್ಸಿನಲ್ಲೇ ಎಷ್ಟು ಆಡಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಸಂಜೆ ಮೂವರೂ ವಾಪಸು ಬರುವಾಗ ಗಾಜು ಮತ್ತೆ ಶುರುಮಾಡಿತು. ಅತ್ತೆ ಒಂದಷ್ಟು ದೂರ ಸಹಿಸಿಕೊಂಡರು. ಆಮೇಲೆ ಬ್ಯಾಗಿನಿಂದ ಮಡಚಿದ ಕಾಗದವೊಂದನ್ನು ತೆಗೆದು, ಇನ್ನೂ ನಾಲ್ಕು ಮಡಿಕೆ ಮಾಡಿ, ಗಾಜಿನ ಸಂದಿಗೆ ಒತ್ತಿ ತುರುಕಿದರು. ಸದ್ದು ನಿಂತಿತು. ಹೊರಗೆ ಉಳಿದಿದ್ದ ಅಂಚಿನಲ್ಲಿ ನನ್ನದೇ ಅಕ್ಷರ ಕಾಣುತ್ತಿತ್ತು.

ಮಾವ ಕಾಗದ ನೋಡಿದ. ತಿರುಗಿ ನನ್ನನ್ನು ನೋಡಿದ. ಈ ಸಲ ನೇಗಿಲಿಗಾಗಿ ಅಲ್ಲ, ಕಣ್ಣು ಒದ್ದೆಯಾಗಿತ್ತು.

"ಮುಂದ್ಕೆ ನೋಡ್ಕೊಂಡ್ ಓಡ್ಸಿ" ಅಂದರು ಅತ್ತೆ. "ನಾಳಿಕ್ಕೂ ಬೇಕು ನಾನು, ಮಕ್ಳಿಗೆ."