ಪಾಕಪ್ರವೀಣನ ಎಳೆ

ಎಲ್ಲ ರಾದ್ಧಾಂತಕ್ಕೂ ಮೂಲ ಸಿಲಿಕಾನ್ ಮೇಡಂ ಅವರ ತಲೆನೋವು. ಪ್ರಯೋಗಾಲಯದ ಮೂಲೆಯಲ್ಲಿ ಗೊರಗೊರ ಅನ್ನುತ್ತಿದ್ದ, ಗಾಳಿಯ ತೇವ ಹೀರುವ ಯಂತ್ರವನ್ನು ಅವರು ಬೆಳಿಗ್ಗೆ ಬಂದವರೇ ಆರಿಸಿಬಿಟ್ಟರು. ಪಕ್ಕದ ಮೇಜಿನ ಮೇಲೆ ಪಾಕಪ್ರವೀಣನ ಬದುಕೇ ತಟ್ಟೆಯಲ್ಲಿ ಮಲಗಿದೆ ಅಂತ ಪಾಪ, ಅವರಿಗೇನು ಗೊತ್ತು?

ಬದುಕು ಅಂದರೆ ಒಂದು ಎಳೆ. ಬೆಳಕು ಸಾಗಿಸುವ ತಂತುವಿನ ತಿರುಳನ್ನು ಲೋಕವೆಲ್ಲ ಗಾಜಿನಿಂದ ಮಾಡುತ್ತದೆ. ಗಾಜು ಬಿಟ್ಟು ಬೇರೇನಾದರೂ ಆಗಲಿ ಅಂತ ಇಲ್ಲಿನ ನಿರ್ದೇಶಕರ ಹಟ. ಮೇಡಂ ಸಿಲಿಕಾನ್ ತುಂಬಿದರು, ಹಿರಿಯ ಸಹೋದ್ಯೋಗಿ ಎಂಥದೋ ಎಣ್ಣೆ ತುಂಬಿದರು, ನಮ್ಮವನು ಸಕ್ಕರೆ ಹಿಡಿದ. ಹೆಂಡತಿಯಿಂದ ಪಾಕದ ಹದ ಕಲಿತು, ಮನೆಯ ಪಾತ್ರೆಗಳನ್ನೆಲ್ಲ ಸೀಯಿಸಿ, ಪಾಕಪ್ರವೀಣ ಅನ್ನೋ ಬಿರುದು ಹೊತ್ತು, ಕೊನೆಗೂ ನಿನ್ನೆ ಒಂದೇ ಒಂದು ಎಳೆ ಎಳೆದಿದ್ದ. ಬೆಳಕೂ ಹಾದಿತ್ತು! ಇವತ್ತು ಅದನ್ನು ನಿರ್ದೇಶಕರಿಗೆ ತೋರಿಸದಿದ್ದರೆ ಕೆಳಗಿನ ಉಗ್ರಾಣಕ್ಕೆ ವರ್ಗ, ಖಾಲಿ ಡಬ್ಬ ಕಾಯುವ ಕೆಲಸ.

ಬಂದು ನೋಡುತ್ತಾನೆ, ಎಳೆ ಬೆವೆತು ತಟ್ಟೆಗೆ ಅಂಟಿಕೊಂಡಿದೆ.

"ಮೇಡಂ, ಮಿಷನ್ ಯಾಕ್ರೀ ಆಫ್ ಮಾಡಿದ್ರಿ?"

"ತಲೆ ಸಿಡೀತಿತ್ತು ಕಣ್ರೀ. ಒಂದು ಮಾತ್ರೆ ತಂದುಕೊಡ್ತೀರಾ?"

ತೇವ ಆರಲಿ ಅಂತ ತಟ್ಟೆಯನ್ನು ಬೆಚ್ಚಗಿನ ಓವನ್ನಿನೊಳಗಿಟ್ಟು, "ಸ್ವಲ್ಪ ನೋಡ್ಕೊಳ್ಳಿ ಸಾರ್" ಅಂತ ಹಿರಿಯರಿಗೆ ಹೇಳಿ ಮಾತ್ರೆಗೆ ಓಡಿದ. ವಾಪಸು ಬರುವಷ್ಟರಲ್ಲಿ ಸೀದ ವಾಸನೆ.

"ಬೇಗ ಒಣಗ್ಲಿ ಅಂತ ಕಾವು ಚೂರು ಜಾಸ್ತಿ ಮಾಡ್ದೆ ಕಣಪ್ಪ," ಅಂದರು ಹಿರಿಯರು. ತಟ್ಟೆಯ ನಡುವೆ ಒಂದು ಕಂದು ಮುದ್ದೆ ಕೂತಿತ್ತು. ಅವರು ಬೆರಳಲ್ಲಿ ಮುಟ್ಟಿ ನೆಕ್ಕಿದರು. "ರುಚಿ ಮಾತ್ರ ಚೆನ್ನಾಗಿದೆ!"

ಆ ಹೊತ್ತಿಗೇ ಹೊರಗೆ ನಿರ್ದೇಶಕರ ದನಿ. ಪಾಕಪ್ರವೀಣ ಕಸದ ಬುಟ್ಟಿಯಿಂದ ಮಾಮೂಲಿ ಗಾಜಿನ ಎಳೆಯೊಂದನ್ನು ಎತ್ತಿ ಬೇರೆ ತಟ್ಟೆಗೆ ಹಾಕಿದ. ಮೋಸವಲ್ಲ, ಸಮಯಸ್ಫೂರ್ತಿ ಎಂದು ತನಗೆ ತಾನೇ ಹೇಳಿಕೊಂಡ.

ನಿರ್ದೇಶಕರು ಟೀ ಕಪ್ಪು ಹಿಡಿದೇ ಒಳಬಂದರು. ಪಾಕಪ್ರವೀಣ ಎಳೆಯ ಈಚೆ ತುದಿಗೆ ಕೆಂಪು ದೀಪ ಹಿಡಿದದ್ದೇ ತಡ, ಆಚೆ ತುದಿಯಿಂದ ಗೋಡೆಯ ಮೇಲೆ ಕೆಂಪು ಚುಕ್ಕೆ ಮೂಡಿತು.

"ಭೇಷ್! ಸಕ್ಕರೇಲಿ ಇಷ್ಟು ಬೆಳಕಾ?"

ಹಿರಿಯರು ಏನೋ ಹೇಳಲು ಬಾಯಿ ತೆರೆದರು. ಪಾಕಪ್ರವೀಣ ಅವರ ಕಾಲು ತುಳಿದ.

"ಆದ್ರೆ ತೇವ ತಾಗಿದ್ರೆ ಕರಗಿಹೋಗುತ್ತಲ್ಲ, ಅದೇ ಇದರ ರೋಗ. ಎಷ್ಟು ಹೊತ್ತು ತಡ್ಕೊಳ್ಳುತ್ತೋ ನೋಡೋಣ," ಅನ್ನುತ್ತಾ ನಿರ್ದೇಶಕರು ಎಳೆಯನ್ನು ಬಿಸಿ ಟೀಗೆ ಅದ್ದಿ ತಿರುವತೊಡಗಿದರು. ತಿರುವಿದರು, ತೆಗೆದು ನೋಡಿದರು, ಮತ್ತೆ ತಿರುವಿದರು. ಎಳೆ ಹಾಗೇ ಇತ್ತು. ಅವರ ಹುಬ್ಬು ಮೇಲೇರಿತು.

ಎಲ್ಲ ಮುಗಿಯಿತು ಅನ್ನಿಸಿ ಪಾಕಪ್ರವೀಣ ಕೈಮುಗಿದ. "ಸಾರ್, ತಪ್ಪಾಯ್ತು. ಅದು ಗಾಜು ಸಾರ್."

"ಗಾಜೇ ಕಣ್ರೀ, ಗಾಜಿನಷ್ಟೇ ಗಟ್ಟಿ! ನೀರಿಗೂ ಕರಗದ ಸಕ್ಕರೆ! ಇಷ್ಟು ಮಾಡಿಯೂ ತಪ್ಪಾಯ್ತು ಅಂತೀರಲ್ಲ, ಎಂಥ ವಿನಯ!" ನಿರ್ದೇಶಕರು ಅವನನ್ನು ಬಾಚಿ ತಬ್ಬಿಕೊಂಡರು. "ನಾಳೆ ಹೊರಗಿನ ತಜ್ಞರೆಲ್ಲ ಬರ್ತಿದ್ದಾರೆ. ಅವರ ಕಣ್ಣೆದುರೇ ಪಾಕ ಮಾಡಿ, ಇಂಥದ್ದೇ ಎಳೆ ಎಳೀಬೇಕು. ಆಮೇಲೆ ಟೀಗೆ ಅದ್ದಿ ತೋರಿಸಬೇಕು!"

ಅವರು ಹೋದ ಮೇಲೆ ಪಾಕಪ್ರವೀಣ ಮೆಟ್ಟಿಲಿಳಿದು ಉಗ್ರಾಣದ ಬಾಗಿಲು ತಟ್ಟಿದ.

"ಅಣ್ಣಾ, ಖಾಲಿ ಡಬ್ಬ ಕಾಯೋಕೆ ಜನ ಬೇಕಾ?"