ಚಂದ್ರಿಕೆಯೂ ನನ್ನ ದೊಡ್ಡ ಗಾಡಿಯೂ

ಸಂಸಾರಸ್ಥನಾದವನಿಗೆ ದೊಡ್ಡ ಗಾಡಿ ಬೇಕೇ ಬೇಕು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಬೀರು, ಮಂಚ, ನೀರಿನ ಟ್ಯಾಂಕು ಇವೆಲ್ಲ ಸ್ಕೂಟರಿನ ಹಿಂದೆ ಕೂರುವ ಜಾತಿಯವಲ್ಲ. ಆದ್ದರಿಂದ ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಲೆಕ್ಕ ಹೇಳಿಕೊಡುವ ನಾನು, ಎಲ್ಲ ಲೆಕ್ಕಗಳನ್ನೂ ಬದಿಗಿಟ್ಟು, ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತಂದು ಮನೆ ಮುಂದೆ ನಿಲ್ಲಿಸಿದೆ.

ಹೆಂಡತಿ ಮಂಜುಳಾ ಹೊಸಿಲಲ್ಲೇ ನಿಂತು ಗಾಡಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ನೋಡಿ ಮುಗಿಸಲು ಸ್ವಲ್ಪ ಹೊತ್ತೇ ಹಿಡಿಯಿತು.

“ರೀ, ಮನೇಲಿರೋರು ನಾವಿಬ್ರು. ಇದರಲ್ಲಿ ಏನ್ ಹಾಕ್ತೀರಾ?”

“ಭಾರೀ ಸಾಮಾನು ಕಣೇ!”

“ಎಲ್ಲಿದೆ ಭಾರೀ ಸಾಮಾನು?”

“ಬರುತ್ತೆ, ನೋಡ್ತಾ ಇರು.”

ಅವಳು ನೋಡುತ್ತಾ ಇದ್ದಳು. ನಾನೂ ನೋಡುತ್ತಾ ಇದ್ದೆ. ಬರಲಿಲ್ಲ! ಆ ಗಾಡಿಯಲ್ಲಿ ಮೊದಲು ಸಾಗಿದ್ದು ಒಂದು ಕಟ್ಟು ಕೊತ್ತಂಬರಿ ಸೊಪ್ಪು. ಅದೂ ಸಂತೆಯಿಂದ ಬರುವಾಗ ತಿರುವಿನಲ್ಲಿ ಹಾರಿಹೋಯಿತು. ಕೊನೆಗೆ ಮಂಜುಳಾ ಕಡ್ಡಿ ಮುರಿದಂತೆ ಹೇಳಿದಳು: “ಒಂದೇ ಒಂದ್ಸಲ ಇದರಿಂದ ಉಪಯೋಗ ಆಗ್ಲಿ, ನಾನು ಬಾಯಿ ಬಿಡಲ್ಲ. ಆಗ್ಲಿಲ್ವೋ, ಮಾರಿಬಿಡಿ.”

ಆ ಒಂದು ಸಲ ಬುಧವಾರ ಬಂತು. ಮಂಜುಳಾಳ ಚಿಕ್ಕಪ್ಪನ ಮಗಳು ಚಿನ್ನಿ. ಮೇಲೂರಿಗೆ ಮದುವೆ ಮಾಡಿಕೊಟ್ಟಿದ್ದಾರೆ. ಅವಳಿಗೆ ಅಂದು ಕೆಂಚಾರ್ಲಹಳ್ಳಿಯ ತವರಿನಲ್ಲಿ ಸೀಮಂತ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಬಳೆ ತೊಡಿಸಬೇಕು. ಮಂಜುಳಾ ಹಿಂದಿನ ದಿನವೇ ಹೋಗಿದ್ದಳು. ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಮಾವನ ಫೋನು ಬಂತು. ಕೆಂಚಾರ್ಲಹಳ್ಳಿಯ ನಮ್ಮ ಮಾವನಿಗೆ ಅವಸರವಾದರೆ ಕನ್ನಡ ಹಿಂದೆ ಉಳಿದು ತೆಲುಗು ಮುಂದೆ ಓಡುತ್ತದೆ.

“ನಾಯನಾ, ಮೇಲೂರ್ಲೋ ಚಂದ್ರಿಕ ರೆಡೀಗಾ ಉಂದಿ. ನೀ ಬಂಡಿಲೋ ತೀಸ್ಕೊನಿ ರಾ!”

ಮೇಲೂರಿನಲ್ಲಿ ಚಂದ್ರಿಕೆ ರೆಡಿ ಇದೆ, ನಿನ್ನ ಗಾಡಿಯಲ್ಲಿ ತಗೊಂಡು ಬಾ! ನನಗೆ ರೋಮಾಂಚನವಾಯಿತು. ನಮ್ಮ ರೇಷ್ಮೆ ಸೀಮೆಯಲ್ಲಿ ಚಂದ್ರಿಕೆ ಎಂದರೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಒಂದೊಂದೂ ಬಾಗಿಲಿನಷ್ಟು ದೊಡ್ಡದು. ಮಾವನ ಹುಳು ಸೀಮಂತದ ದಿನವೇ ಹಣ್ಣಾಗಿರಬೇಕು, ಚಂದ್ರಿಕೆ ಸಾಲದೆ ಬಂದಿರಬೇಕು, ಪಾಪ! ತೆಲುಗಿನಲ್ಲಿ ‘ಉಂದಿ’ ಎಂದರೆ ‘ಇದೆ’ ಎಂದೂ ಆಗುತ್ತದೆ, ‘ಇದ್ದಾಳೆ’ ಎಂದೂ ಆಗುತ್ತದೆ. ಈ ವ್ಯಾಕರಣ ಆಗ ನನ್ನ ತಲೆಗೆ ಹೊಳೆಯಲಿಲ್ಲ. ಗಾಡಿ ಇದ್ದವನಿಗೆ ವ್ಯಾಕರಣ ಯಾಕೆ?

ನೇರವಾಗಿ ಮೇಲೂರಿಗೆ, ಮಾವನ ಗೆಳೆಯ ನಂಜಪ್ಪನವರ ಹುಳುಮನೆಗೆ ಹೋದೆ. ಚಂದ್ರಿಕೆ ಕೊಟ್ಟು ತರುವ ಬಳಕೆ ಅವರಿಬ್ಬರಲ್ಲಿ ಹಳೆಯದು.

“ಎಷ್ಟು ಬೇಕಂತೆ ಮೇಷ್ಟ್ರೇ?”

“ಗಾಡಿ ಹಿಡಿಯೋವಷ್ಟು ಹಾಕಿ!”

ಚಂದ್ರಿಕೆಗಳು ಕ್ಯಾಬಿನ್ನಿನ ನೆತ್ತಿ ದಾಟಿ ಮೇಲೆದ್ದವು. ಹಗ್ಗ ಬಿಗಿದು ಹೊರಟೆ. ಊರ ಬೀದಿಯಲ್ಲಿ ಒಂದು ಮನೆಯ ಮುಂದೆ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಚಿನ್ನಿ ನಿಂತಿದ್ದಳು. ನನ್ನನ್ನು ಕಂಡು ಜೋರಾಗಿ ಕೈ ಬೀಸಿದಳು. ಗಂಡನ ಜೊತೆ ಹಿಂದೆಯೇ ಬರುತ್ತಾಳೆಂದುಕೊಂಡು ನಾನೂ ಕೈ ಬೀಸಿ, ಎರಡು ಹಾರನ್ ಹೊಡೆದು ಮುಂದೆ ಹೋದೆ. ಕನ್ನಡಿಯಲ್ಲಿ ನೋಡಿದರೆ ಇನ್ನೂ ಬೀಸುತ್ತಲೇ ಇದ್ದಳು. ಎಷ್ಟು ಪ್ರೀತಿ ಈ ಹುಡುಗಿಗೆ ಭಾವನ ಮೇಲೆ!

ಶಿಡ್ಲಘಟ್ಟದಲ್ಲಿ ಬೇಡದಿದ್ದರೂ ನಮ್ಮ ಬೀದಿಯಲ್ಲಿ ಗಾಡಿಗೆ ಒಂದು ಸುತ್ತು ಹಾಕಿಸಿದೆ. ನಾಲ್ಕು ಜನ ನೋಡಲಿ ಎಂದು. ಅಷ್ಟರಲ್ಲಿ ಮತ್ತೆ ಮಾವನ ಫೋನು.

“ಚಂದ್ರಿಕ ಎಕ್ಕಿಂದಾ ನಾಯನಾ?”

“ಹತ್ತಿಸಿದ್ದಾಯ್ತು ಮಾವ! ಅಲ್ಲಾಡದ ಹಾಗೆ ಬಿಗಿಯಾಗಿ ಕಟ್ಟಿದ್ದೀನಿ.”

“ಬೆಲ್ಟಾ? ಒಳ್ಳೇದಾಯ್ತು. ಆದ್ರೆ ಜಾಸ್ತಿ ಬಿಗೀಬೇಡಪ್ಪ. ಗುಂಡಿ ಬಂದ್ರೆ ನಿಧಾನ.”

ಬಿದಿರಿನ ತಟ್ಟಿಯ ಮೇಲೆ ಇಷ್ಟು ಮಮತೆಯೇ! ರೈತನೆಂದರೆ ಹೀಗಿರಬೇಕು ಎಂದು ಮನಸ್ಸಿನಲ್ಲೇ ಕೈಮುಗಿದೆ.

ಕೆಂಚಾರ್ಲಹಳ್ಳಿ ಮುಟ್ಟಿದಾಗ ಹನ್ನೊಂದು ದಾಟಿತ್ತು. ಬಾಗಿಲಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಹಿಂದೆ ಹೆಂಗಸರ ದಂಡು. ಚಂದ್ರಿಕೆಗೂ ಆರತಿಯೇ! ನಾನು ಠೀವಿಯಿಂದ ಇಳಿದೆ. ಮಾವ ಕ್ಯಾಬಿನ್ನಿನೊಳಗೆ ಇಣುಕಿ ನೋಡಿದರು.

“ಚಂದ್ರಿಕ ಎಲ್ಲಿ?”

“ಹಿಂದೆ ಮಾವ!”

“ಹಿಂದೇನಾ!” ಅತ್ತೆ ಆರತಿ ತಟ್ಟೆ ಹಿಡಿದೇ ಗಾಡಿಯ ಹಿಂಬದಿಗೆ ಧಾವಿಸಿದರು. “ತುಂಬಿದ ಬಸುರೀನ ಹಿಂದೆ ಹಾಕ್ಕೊಂಡು ಬಂದ್ರಾ?”

“ಬಸುರಿ ಯಾರು?” ಎಂದೆ.

ಮಂಜುಳಾ ಮುಂದೆ ಬಂದಳು. “ಚಿನ್ನಿ ಎಲ್ರೀ?”

“ಮೇಲೂರಲ್ಲೇ ಇದ್ಳು. ಕೈ ಬೀಸಿದ್ಳು. ನಾನೂ ಬೀಸ್ದೆ.”

“ಅವಳ ಹೆಸರೇನು ಗೊತ್ತಾ ನಿಮಗೆ?”

“ಚಿನ್ನಿ!”

ಮಾವ ಹಣೆ ಚಚ್ಚಿಕೊಂಡರು. “ತಾಯಾಗೋ ಹುಡುಗೀನ ಇನ್ನೂ ಚಿನ್ನಿ ಅನ್ನಬಾರ್ದು ಅಂತ ಪೂರ್ತಿ ಹೆಸರು ಹೇಳಿದ್ನಲ್ಲಪ್ಪಾ! ಗಂಡನಿಗೆ ರಜೆ ಸಿಗಲಿಲ್ಲ ಅಂತ ತಾನೇ ನಿನ್ನ ಕಳಿಸಿದ್ದು!”

ಚಿನ್ನಿಯೇ ಚಂದ್ರಿಕ! ಮೊದಲ ಬಸುರಿ, ಬೆಳಿಗ್ಗೆಯಿಂದ ಸಿಂಗರಿಸಿಕೊಂಡು ಕಾದವಳು. ಅವಳಿಗೆ ನಾನು ಹಾರನ್ ಹೊಡೆದು ಬಂದಿದ್ದೆ! ತಿರುಗಿ ಹೋಗಿ ಕರೆತರುವಷ್ಟರಲ್ಲಿ ರಾಹುಕಾಲವೂ ಮುಗಿದು ಮಧ್ಯಾಹ್ನದ ಊಟವೂ ಮುಗಿಯುತ್ತಿತ್ತು. ಮಾವನ ಹುಳುಗಳಂತೂ ಹಣ್ಣಾಗುವುದಿರಲಿ, ಮೂರನೇ ಜ್ವರದಿಂದಲೇ, ಅಂದರೆ ಮೂರನೇ ಸಲ ಪೊರೆ ಬಿಡುವ ನಿದ್ದೆಯಿಂದಲೇ, ಎದ್ದಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಾಡಿಯ ಕೆಳಗೆ ಜಾಗವಿದೆಯೇ ಎಂದು ನಾನು ನೋಡುತ್ತಿದ್ದೆ.

ಆಗ ಬೀದಿಯ ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟ ಹಳೆಯ ಕಾರೊಂದು ಕೆಮ್ಮುತ್ತಾ ಬಂತು. ಅದರಿಂದ ಮೊದಲು ಒಂದು ಬಾಳೆಗೊನೆ ಇಳಿಯಿತು. ಆಮೇಲೆ ಚಿನ್ನಿಯ ಅತ್ತೆ, ಅವರ ಪಕ್ಕದ ಮನೆಯ ದಂಪತಿ, ಎರಡು ಬುಟ್ಟಿ, ಒಂದು ಡಬರಿ, ಕಡೆಗೆ ನಗುನಗುತ್ತಾ ನಮ್ಮ ಚಿನ್ನಿ! ನಾನು ನಿಲ್ಲಿಸದೆ ಹೋದದ್ದು ಕಂಡು ಪಕ್ಕದ ಮನೆಯವರು ತಾವೇ ಕಾರು ತೆಗೆದಿದ್ದರು. ನನಗೆ ಅಳು ಬರುವಷ್ಟು ಸಂತೋಷವಾಯಿತು.

“ಭಾವ, ಅಷ್ಟು ದೊಡ್ಡ ಗಾಡೀಲಿ ನನಗೊಬ್ಬಳಿಗೆ ಜಾಗ ಇರಲಿಲ್ವಾ?” ಎಂದಳು.

ಮನೆಯೇ ಹಾರಿಹೋಗುವಷ್ಟು ನಗು. ರಾಹುಕಾಲಕ್ಕೆ ಮುಂಚೆಯೇ ಎರಡೂ ಕೈಗೆ ಹಸಿರು ಬಳೆ ಏರಿದವು. ಆ ಬಳೆಗಳ ಸದ್ದಿನಷ್ಟು ಇಂಪಾದದ್ದನ್ನು ನಾನು ಆ ದಿನ ಬೇರೆ ಕೇಳಲಿಲ್ಲ. ಬೇರೆ ಕೇಳಿದ್ದೆಲ್ಲ ನನ್ನ ಬಗ್ಗೆಯೇ ಇತ್ತು.

ಹೋಳಿಗೆ ಊಟ ಮುಗಿಯುವಾಗ ನಂಜಪ್ಪನವರ ಫೋನು: “ಮೇಷ್ಟ್ರೇ, ನಮ್ಮ ಹುಳ ಹಣ್ಣಾಗೋಕೆ ಶುರುವಾಯ್ತು. ಚಂದ್ರಿಕೆ ವಾಪಸ್ ತನ್ನಿ, ಬೇಗ!”

ಎದ್ದೆ. ಮಂಜುಳಾ ಕೈ ಚಾಚಿದಳು. “ಕೀ ಕೊಡಿ. ಇವತ್ತು ನಿಮ್ಮನ್ನ ನಂಬಲ್ಲ. ನಾನು ಓಡಿಸ್ತೀನಿ.”

ಪಕ್ಕದ ಸೀಟಿನಲ್ಲಿ ಊರಿಗೆ ಹೊರಟ ಚಿನ್ನಿಯ ಅತ್ತೆ ಕೂತರು. ಉಳಿದ ಜಾಗದಲ್ಲಿ ಅವರಿಗೆ ಕೊಟ್ಟ ಹಣ್ಣಿನ ಬುಟ್ಟಿ ಕೂತಿತು. ನಾನು ಹಿಂದೆ ಹತ್ತಿ, ಚಂದ್ರಿಕೆಗಳ ಸಂದಿಯಲ್ಲಿ ಹಗ್ಗ ಹಿಡಿದು ಕೂತೆ. ದಾರಿಯುದ್ದಕ್ಕೂ ಮುಂದಿನಿಂದ ಇಬ್ಬರ ನಗು ಕೇಳುತ್ತಿತ್ತು.

ಮೇಲೂರಿನ ಹುಳುಮನೆ ಮುಂದೆ ಗಾಡಿ ನಿಂತಿತು. ನಂಜಪ್ಪನವರು ಚಂದ್ರಿಕೆಗಳ ನಡುವೆ ನನ್ನ ತಲೆ ಕಂಡು ಬೆಚ್ಚಿಬಿದ್ದರು.

“ಇದೇನಮ್ಮ ಹಿಂದೆ?”

ಮಂಜುಳಾ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹೇಳಿದಳು: “ಭಾರೀ ಸಾಮಾನು ನಂಜಪ್ಪಣ್ಣ. ನಿಧಾನಕ್ಕೆ ಇಳಿಸ್ಕೊಳ್ಳಿ!”